ಹುತ್ತದ ಅಣಬೆ, ಬರ್ಡ್‌ವಿಂಗ್ ಚಿಟ್ಟೆ: ಹೋಲಿಕೆ ಎಲ್ಲಿಯವರೆಗೆ ಸರಿ?

ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಲ್ಲಿ ಮಳೆಗಾಲಕ್ಕೆ ಏಳುವ ಹುತ್ತದ ಅಣಬೆಗೂ ನಮ್ಮ ‘ರಾಜ್ಯ ಚಿಟ್ಟೆ’ ಸದರ್ನ್ ಬರ್ಡ್‌ವಿಂಗ್‌ಗೂ ಏನಾದರೂ ಹೋಲಿಕೆ ಇದೆಯೇ ಎಂದು ಕೇಳಿದ್ದೀರಿ. ಇದೆ, ಅದು ಉಪಯೋಗಕ್ಕೂ ಬರುತ್ತದೆ. ಎರಡೂ ಒಂದೊಂದು ಆಸರೆ ಬಿಟ್ಟು ಬದುಕುವುದಿಲ್ಲ. ಹಾಗಾಗಿ ನೇರವಾಗಿ ಅವನ್ನೇ ಅರಸುವ ಬದಲು ಆಸರೆಯನ್ನು ಹುಡುಕಿ.

ಅಣಬೆಗೆ ಆಸರೆ ಗೆದ್ದಲು. ಹುಳುಗಳು ತಾವು ತಿಂದು ಹೊರಹಾಕಿದ ಕಟ್ಟಿಗೆ, ತರಗೆಲೆಯ ಪುಡಿಯಿಂದ ನೆಲದೊಳಗೆ ತೂತುತೂತಾದ ಗೂಡು ಕಟ್ಟುತ್ತವೆ. ಈ ಅಣಬೆ ಬಿಡುವ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರ ಅದರ ಮೇಲೆ ಬೆಳೆದು ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆಯುತ್ತದೆ, ಹುಳುಗಳಿಗೆ ಅದೇ ಊಟ. ಮಿರಗ, ಆರಿದ್ರಾ ಮಳೆ ಚೆನ್ನಾಗಿ ಹಿಡಿದ ಮೇಲೆ ಅಣಬೆಯ ಕೊಡೆ ಮೇಲೇಳುತ್ತದೆ.

ಬರ್ಡ್‌ವಿಂಗ್‌ಗೆ ಆಸರೆ ಈಶ್ವರಿ ಬಳ್ಳಿ ಮತ್ತು ಅದರ ಕುಟುಂಬದ ಗಿಡಗಳು. ಮರಿಹುಳು ಎಲೆಯ ವಿಷವನ್ನು ಮೈಯಲ್ಲೇ ಉಳಿಸಿಕೊಳ್ಳುತ್ತದೆ, ಚಿಟ್ಟೆಯಾದ ಮೇಲೂ ಹಕ್ಕಿಗಳು ಅದನ್ನು ಮುಟ್ಟಲು ಹಿಂಜರಿಯುತ್ತವೆ. ಜಾಂಬೋಟಿ, ಕಣಕುಂಬಿ ಕಡೆ ಮಳೆ ಬಿಡುವು ಕೊಟ್ಟ ಬೆಳಿಗ್ಗೆ ಬಿಸಿಲು ಬಿದ್ದ ಲಂಟಾನಾ ಹೂವಿನ ಹತ್ತಿರ ನಿಲ್ಲಿ. ಮಕರಂದ ಹೀರುವಾಗಲೂ ಮುಂದಿನ ರೆಕ್ಕೆ ಬಡಿಯುತ್ತಲೇ ಇರುತ್ತದೆ, ಆದ್ದರಿಂದ ಕ್ಯಾಮೆರಾದ ಶಟರ್ ವೇಗ ಕಡಿಮೆಯಿದ್ದರೆ ಚಿತ್ರ ಮಸುಕಾಗುತ್ತದೆ. ಹಿಂದಿನ ರೆಕ್ಕೆಯ ಹಳದಿಯ ನಡುವೆ ಕಪ್ಪು ಚುಕ್ಕೆಗಳ ಸಾಲಿದ್ದರೆ ಹೆಣ್ಣು.

ಹೋಲಿಕೆ ಮುರಿಯುವ ಜಾಗವೂ ಇದೆ. ಚಿಟ್ಟೆ ಎಂದರೆ ಇಡೀ ಪ್ರಾಣಿ. ಅಣಬೆ ಮಾವಿನ ಮರಕ್ಕೆ ಹಣ್ಣಿದ್ದ ಹಾಗೆ, ನಿಜವಾದ ಜೀವಿ ಮಣ್ಣೊಳಗಿನ ಎಳೆಗಳು. ಹಾಗಿದ್ದರೂ ಅಣಬೆಯ ಜೀವಕೋಶದ ಗೋಡೆಯಲ್ಲೂ ಚಿಟ್ಟೆಯ ಹೊರಮೈಯಲ್ಲೂ ಇರುವುದು ಕೈಟಿನ್ ಎಂಬ ಒಂದೇ ವಸ್ತು. ವಂಶದ ಲೆಕ್ಕದಲ್ಲಿ ಅಣಬೆ ಗಿಡಕ್ಕಿಂತ ಪ್ರಾಣಿಗೇ ಹತ್ತಿರ. ಇದು ನನಗೆ ಬಹಳ ಇಷ್ಟವಾದ ಸಂಗತಿ.

ಗುರುತಿಸುವ ವಿಷಯಕ್ಕೆ ಬಂದರೆ ಅಣಬೆಯೇ ಕಷ್ಟ. ಕಿತ್ತರೆ ಕಾಂಡ ನೆಲಮಟ್ಟದಲ್ಲೇ ತುಂಡಾಗುತ್ತದೆ, ಅದಕ್ಕೆ ಸುತ್ತ ಮಣ್ಣು ಬಿಡಿಸಿ. ಗೆದ್ದಲಗೂಡಿನತ್ತ ಇಳಿಯುವ ಉದ್ದನೆಯ ಬೇರಿನಂಥ ಭಾಗ, ಕೊಡೆಯ ನೆತ್ತಿಯಲ್ಲಿ ಚೂಪು ಮೊನೆ ಸಿಗಬೇಕು. ಆಮೇಲೆ ಕಾಂಡ ಕತ್ತರಿಸಿ, ಕೊಡೆಯ ಅಡಿಯ ತೆಳು ಪದರಗಳು ಕೆಳಗಾಗುವಂತೆ ಅರ್ಧ ಬಿಳಿ, ಅರ್ಧ ಕಪ್ಪು ಹಾಳೆಯ ಮೇಲಿಟ್ಟು ಬೋಗುಣಿ ಮುಚ್ಚಿ ರಾತ್ರಿಯಿಡೀ ಬಿಡಿ. ಪದರಗಳಿಂದ ಬೀಜಕಗಳು, ಅಂದರೆ ಅಣಬೆಯ ಬೀಜದಂಥ ಪುಡಿ, ಉದುರಿ ಹಾಳೆಯ ಮೇಲೆ ಬಣ್ಣದ ಗುರುತು ಬೀಳುತ್ತದೆ. ಒದ್ದೆ ಕೊಡೆ ಇಟ್ಟರೆ ಆ ಗುರುತು ಕಲಸಿಹೋಗುತ್ತದೆ. ಹುತ್ತದ ಅಣಬೆಯ ಗುರುತು ನಸುಗುಲಾಬಿ. ಹಸಿರು ಬಂದರೆ ಅದು ಕ್ಲೋರೋಫಿಲಮ್ ಎಂಬ ವಿಷದ ಅಣಬೆ. ಎಳೆಯದರಲ್ಲಿ ಅದರ ಪದರವೂ ಬೆಳ್ಳಗೇ ಇರುವುದರಿಂದ ಕಣ್ಣಿಗೆ ಮೋಸವಾಗುತ್ತದೆ. ಗುಲಾಬಿ ಬಂತೆಂದು ನಿಶ್ಚಿಂತರಾಗಬೇಡಿ: ಎಂಟೊಲೋಮಾ ಕುಲದ ಗುರುತೂ ಗುಲಾಬಿ, ಅದರಲ್ಲೂ ವಿಷದವು ಇವೆ. ಅವುಗಳ ಪದರ ಸಾಮಾನ್ಯವಾಗಿ ಕಾಂಡಕ್ಕೆ ಅಂಟಿರುತ್ತದೆ, ಹುತ್ತದ ಅಣಬೆಯಲ್ಲಿ ಬಿಡಿಯಾಗಿರುತ್ತದೆ. ಫೋಟೋ ನೋಡಿ ತಿನ್ನಬಹುದು ಎಂದು ನಾನು ಯಾರಿಗೂ ಹೇಳುವುದಿಲ್ಲ. ಆ ಕಾಡಿನಲ್ಲೇ ಬೆಳೆದ ಹಿರಿಯರು ಕೈಯಲ್ಲಿ ಹಿಡಿದು ಒಪ್ಪಿದರೆ ಮಾತ್ರ ಅಡುಗೆಮನೆಗೆ ಒಯ್ಯಿರಿ.

ಈ ಅಗೆತವೆಲ್ಲ ಹೊಲದ ಬದು, ಸ್ವಂತ ಜಮೀನಿನ ಹುತ್ತಕ್ಕೆ. ಭೀಮಗಡ ವನ್ಯಧಾಮದೊಳಗೆ ಅಣಬೆ ಕೀಳುವುದು, ಚಿಟ್ಟೆ ಹಿಡಿಯುವುದು ಎರಡಕ್ಕೂ ಅವಕಾಶವಿಲ್ಲ.