ಅಲರ್ಜಿ ಮಾತ್ರೆ ನೀರಲ್ಲೇ ನುಂಗು ತಮ್ಮಾ

ಹಾಸನದಿಂದ ಅಮೆರಿಕದ ಅಟ್ಲಾಂಟಾಕ್ಕೆ ಓದಲು ಹೊರಟಿದ್ದೀಯ. ಧೂಳು ಕಂಡರೆ ಸೀನು ಶುರು, ಅಲರ್ಜಿ ಮಾತ್ರೆ ಅಲೆಗ್ರಾ ಇಲ್ಲಿಂದಲೇ ಕಟ್ಟಿಕೊಂಡು ಹೋಗಬೇಕಾ ಅಕ್ಕ ಅಂತ ಕೇಳಿದ್ದೀಯ. ರಜೆಗೆ ಮೂಡಿಗೆರೆಗೆ ಬಂದಿದ್ದೇನೆ, ಪುರುಸೊತ್ತಿದೆ, ವಿವರವಾಗಿಯೇ ಹೇಳುತ್ತೇನೆ.

ರಾಶಿ ಹೊತ್ತುಕೊಂಡು ಹೋಗಬೇಡ. ಒಂದೆರಡು ಸ್ಟ್ರಿಪ್, ಜೊತೆಗೆ ಡಾಕ್ಟರ್ ಚೀಟಿ ಸಾಕು. ಅಲೆಗ್ರಾ, ಸೆಟ್ರಿಜಿನ್ ಎರಡೂ ಅಲ್ಲಿ ಚೀಟಿ ಇಲ್ಲದೆ ಸಿಗುತ್ತವೆ. ಹೆಸರಿನ ಕೊನೆಗೆ ‘ಡಿ’ ಇರುವುದಕ್ಕೆ ಮಾತ್ರ ಕೌಂಟರಿನಲ್ಲಿ ಐಡಿ ತೋರಿಸಬೇಕು. ಅದರಲ್ಲಿ ಕಟ್ಟಿದ ಮೂಗು ಬಿಡಿಸುವ ಸುಡೋಎಫೆಡ್ರಿನ್ ಇರುತ್ತದೆ. ಬಿಪಿ ಏರಿಸಬಹುದು, ನಿದ್ದೆ ಕೆಡಿಸಬಹುದು. ಸುಮ್ನೆ ತಗೋಬೇಡ.

ಅಲ್ಲಿ ಸೀನಿನ ಕಾಲ ಮಾರ್ಚ್-ಏಪ್ರಿಲ್. ಪೈನ್ ಮರದ ಹಳದಿ ಪುಡಿ ಕಾರಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಕೂರುತ್ತದೆ. ಎಲ್ಲರೂ ಅದನ್ನೇ ಬೈಯುತ್ತಾರೆ. ಆದರೆ ಜಾಸ್ತಿ ಕಾಡುವುದು ಅದೇ ಹೊತ್ತಿಗೆ ಹಾರುವ ಓಕ್ ಮರದ ಸಣ್ಣ ಪರಾಗ.

ಆಗ ಒಂದು ವಿಷಯ ನೆನಪಿಟ್ಟುಕೋ. ಅಲ್ಲಿ ಬೆಳಗ್ಗೆ ತಿಂಡಿ ಜೊತೆ ಜ್ಯೂಸ್ ಕುಡಿಯುವ ರೂಢಿ. ಕಿತ್ತಳೆ, ಸೇಬು, ಚಕ್ಕೋತದ ಥರದ ಹಣ್ಣಾದ ಗ್ರೇಪ್‌ಫ್ರೂಟ್. ಅಲೆಗ್ರಾವನ್ನು ಇವುಗಳ ಜೊತೆ ನುಂಗಲೇಬಾರದು. ಅದರಲ್ಲಿರುವ ಫೆಕ್ಸೊಫೆನಾಡಿನ್ ರಕ್ತಕ್ಕೆ ಸೇರಬೇಕಾದರೆ ಕರುಳಿನ ಗೋಡೆಯ ಕೆಲವು ಪ್ರೋಟೀನುಗಳು ಅದನ್ನು ಒಳಗೆ ಎಳೆದುಕೊಳ್ಳಬೇಕು. ಈ ರಸಗಳು ಆ ಪ್ರೋಟೀನುಗಳನ್ನೇ ತಡೆಯುತ್ತವೆ. ಗ್ರೇಪ್‌ಫ್ರೂಟ್, ಕಿತ್ತಳೆ ರಸದ ಜೊತೆ ತಗೊಂಡರೆ ರಕ್ತಕ್ಕೆ ಸೇರುವ ಔಷಧಿ 36% ಕಡಿಮೆ ಅಂತ ಕಂಪನಿಯ ಮಾಹಿತಿಯಲ್ಲೇ ಇದೆ. ಸೀನು ನಿಲ್ಲಲ್ಲ, ಮಾತ್ರೆ ಸರಿ ಇಲ್ಲ ಅಂದುಕೊಂಡು ಇನ್ನೊಂದು ನುಂಗುತ್ತಾರೆ. ನೀರಲ್ಲಿ ನುಂಗು, ಜ್ಯೂಸ್ ನಾಲ್ಕು ಗಂಟೆ ಬಿಟ್ಟು ಕುಡಿ. ಡೈಜಿನ್ ಥರದ ಆಸಿಡಿಟಿ ಔಷಧಿಯೂ ಅದೇ ಹೊತ್ತಿಗೆ ಬೇಡ.

ಅಪ್ಪ ಅಮ್ಮ ನಿನ್ನನ್ನು ನೋಡಲು ಬಂದಾಗ, ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳುತ್ತಿದ್ದರೆ, ಗ್ರೇಪ್‌ಫ್ರೂಟ್ ಉಲ್ಟಾ ಕೆಲಸ ಮಾಡೀತು, ಔಷಧಿ ರಕ್ತದಲ್ಲಿ ಜಾಸ್ತಿ ಉಳಿದೀತು. ಮೊದಲು ಟರ್ಫೆನಾಡಿನ್ ಅಂತ ಅಲರ್ಜಿ ಮಾತ್ರೆ ಇತ್ತು. ದೇಹದ ಒಂದು ಕಿಣ್ವ ಅದನ್ನು ಫೆಕ್ಸೊಫೆನಾಡಿನ್ ಆಗಿ ಬದಲಿಸುತ್ತಿತ್ತು. ಗ್ರೇಪ್‌ಫ್ರೂಟ್ ಆ ಕಿಣ್ವವನ್ನು ತಡೆಯುತ್ತದೆ. ಬದಲಾಗದೆ ಉಳಿದ ಔಷಧಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಈ ಥರದ ಅಪಾಯಗಳಿಂದಾಗಿ 1998ರಲ್ಲಿ ಅದು ಅಮೆರಿಕದ ಮಾರುಕಟ್ಟೆಯಿಂದ ಹೋಯಿತು. ಕೊಲೆಸ್ಟ್ರಾಲಿನ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ಕೂಡ ಅದೇ ಕಿಣ್ವದ ದಾರಿಯಲ್ಲಿ ಹೋಗುವಂಥವು. ಇಲ್ಲಿ ನಾಲ್ಕು ಗಂಟೆ ಅಂತರ ಸಾಲದು, ಹಣ್ಣಿನ ಪ್ರಭಾವ ಒಂದು ದಿನಕ್ಕಿಂತ ಜಾಸ್ತಿ ಇರುತ್ತದೆ.

ನಮ್ಮ ಚಕ್ಕೋತವೂ ಲೆಕ್ಕಕ್ಕೆ ಬರುತ್ತದೆ, ಯಾಕೆಂದರೆ ಚಕ್ಕೋತ, ಕಿತ್ತಳೆ ಬೆರೆತೇ ಗ್ರೇಪ್‌ಫ್ರೂಟ್ ಹುಟ್ಟಿದ್ದು. ನಮ್ಮಪ್ಪನಿಗೆ ಹಿತ್ತಿಲ ಚಕ್ಕೋತದ ತೊಳೆ ಬಿಡಿಸಿ ಉಪ್ಪು-ಖಾರ ಹಚ್ಚಿ ತಿನ್ನುವುದು ಅಂದರೆ ಪ್ರಾಣ. ಕೊಲೆಸ್ಟ್ರಾಲ್ ಮಾತ್ರೆಯೂ ನಡೆಯುತ್ತಿತ್ತು, ಡಾಕ್ಟರಿಗೆ ಹೇಳಿದೆವು. ಅವರು ಈ ತಂಟೆ ಇಲ್ಲದ ರೋಸುವಾಸ್ಟಾಟಿನ್ ಬರೆದುಕೊಟ್ಟರು. ಹಣ್ಣೂ ಉಳಿಯಿತು.

ಹೊರಡುವ ಮುಂಚೆ ಹಾಸನದಲ್ಲೇ ನಿನ್ನ ಡಾಕ್ಟರ್ ಹತ್ತಿರ ಮಾತ್ರೆಯ ಜೆನೆರಿಕ್ ಹೆಸರು (ಕಂಪನಿ ಇಟ್ಟದ್ದಲ್ಲ, ಒಳಗಿನ ಔಷಧಿಯ ಹೆಸರು), ಎಷ್ಟು ಎಂಜಿ ಅಂತ ಬರೆಸಿಕೋ. ಇಲ್ಲಿ 120 ಎಂಜಿ ತಗೊಳ್ಳುತ್ತಿದ್ದರೆ ಅಲ್ಲಿ ಅಂಗಡಿಯಲ್ಲಿ ಸಿಗುವುದು 60, 180. ಯಾವುದು ನಿನಗೆ ಅಂತ ಅವರನ್ನೇ ಕೇಳಿ ಬಾ.