ತೋಟ ಅಡವಿಡುವ ಮುನ್ನ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಿ ನನ್ನ ಬಳಿ ಬಂದವಳು ಮಲೆನಾಡಿನ ಅಡಿಕೆ ಬೆಳೆಗಾರರ ಮಗಳು, 23 ವರ್ಷ, ಬಿ.ಎಸ್ಸಿ. ಕೃಷಿ ಪದವೀಧರೆ. ಬಯಸಿದ್ದು ಸಸ್ಯರೋಗಶಾಸ್ತ್ರದ ಎಂ.ಎಸ್ಸಿ.; ರ‍್ಯಾಂಕಿಗೆ ದಕ್ಕಿದ್ದು ಕೃಷಿ ವಿಸ್ತರಣೆ, ಅಂದರೆ ಕೃಷಿ ತಿಳಿವಳಿಕೆಯನ್ನು ರೈತರಿಗೆ ತಲುಪಿಸುವ ವಿಷಯ. ಸೀಟು ಬಿಟ್ಟಳು. ಕೃಷಿ ಅಧಿಕಾರಿ ಹುದ್ದೆಯ ತರಬೇತಿಗೆ ಸೇರು ಎಂದು ತಂದೆಯ ಒತ್ತಾಯ. ಅಷ್ಟರಲ್ಲಿ ಏಜೆಂಟನೊಬ್ಬ ವಿದೇಶದ ಒಂದು ವರ್ಷದ ಕೋರ್ಸಿಗೆ ಪ್ರವೇಶಪತ್ರ ತರಿಸಿಕೊಟ್ಟ. ತೋಟ ಅಡವಿಡಲು ತಂದೆ ಅರೆಮನಸ್ಸಿನಿಂದ ಒಪ್ಪಿದ್ದರು. “ಎಲೆಚುಕ್ಕಿ ರೋಗ ಬಂದ ತೋಟವನ್ನೇ ಅಡವಿಟ್ಟು ರೋಗಶಾಸ್ತ್ರ ಓದಲೇ?” ಎಂದು ಅತ್ತಳು.

ಸಾಲದ ಕಾಗದಕ್ಕೆ ಸಹಿ ಬೇಡ ಎಂದೆ. ಸಲಹೆಗಾರರು ಇಷ್ಟು ನೇರವಾಗಿ ಹೇಳಬಾರದು ಎನ್ನುವವರಿದ್ದಾರೆ. ಸಾಲದ ವಿಷಯದಲ್ಲಿ ನನಗೆ ಆ ಮಡಿ ಇಲ್ಲ.

ಸಾಲವಿಲ್ಲದ ದಾರಿಯೂ ಇದೆ. ಅಮೆರಿಕದ ಸಸ್ಯವಿಜ್ಞಾನ ವಿಭಾಗಗಳಲ್ಲಿ ಸಂಶೋಧನಾ ವಿದ್ಯಾರ್ಥಿಗಳನ್ನು ಹೆಚ್ಚಾಗಿ ಆರಿಸಿಕೊಳ್ಳುವವರು ಪ್ರಾಧ್ಯಾಪಕರೇ. ಅವರ ಬಳಿ ಅನುದಾನವಿದ್ದರೆ ಸಂಶೋಧನಾ ಸಹಾಯಕರಾಗಿ ಸೇರಿಸಿಕೊಳ್ಳುತ್ತಾರೆ: ಸಾಮಾನ್ಯವಾಗಿ ಶುಲ್ಕ ಮನ್ನಾ, ಮೇಲೆ ಭತ್ಯೆ. ನಮ್ಮ ಕೃಷಿ ಪದವಿ ನಾಲ್ಕು ವರ್ಷದ್ದಾದ್ದರಿಂದ ಹಲವೆಡೆ ನೇರ ಪಿಎಚ್.ಡಿ.ಗೂ ಅರ್ಜಿ ಹಾಕಬಹುದು. ಇದರಲ್ಲಿ ಏಜೆಂಟನಿಗೆ ಗಿಟ್ಟುವುದೇನೂ ಇಲ್ಲ, ಅವನೇಕೆ ಬಾಯಿಬಿಟ್ಟಾನು?

ಪ್ರಾಧ್ಯಾಪಕರಿಗೆ ಬರೆದಿದ್ದೆ, ಉತ್ತರವೇ ಬರಲಿಲ್ಲ ಎಂದು ಮೊಬೈಲ್ ತೋರಿಸಿದಳು. “ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ...” ಎಂದು ಶುರುವಾಗುವ ಒಂದೇ ಒಕ್ಕಣೆ, ಗೋಧಿಯ ತುಕ್ಕುರೋಗದವರಿಗೂ ಸೇಬಿನ ತಳಿ ಅಭಿವೃದ್ಧಿಯವರಿಗೂ. ಅಂತಿಮ ವರ್ಷದಲ್ಲಿ ಕಲಿಕೆಗಾಗಿ ಹಳ್ಳಿಯಲ್ಲಿದ್ದಾಗ ಚುಕ್ಕಿ ಬಿದ್ದ ಸೋಗೆ ತಂದು, ಪ್ರಯೋಗಾಲಯದ ಅಗರ್ ತಟ್ಟೆಯಲ್ಲಿ ಎಲೆಚುಕ್ಕಿ ತರುವ ಕೊಲೆಟೊಟ್ರೈಕಮ್ ಶಿಲೀಂಧ್ರ ಬೆಳೆಸಿ, ಸೂಕ್ಷ್ಮದರ್ಶಕದಡಿ ಬೀಜಕಣ ನೋಡಿದ್ದಳಲ್ಲ, ಅದರ ಸುಳಿವೇ ಇಲ್ಲ!

ಅದನ್ನೇ ಮೊದಲ ಸಾಲಿನಲ್ಲಿ ಬರೆ ಎಂದೆ. ಆ ಶಿಲೀಂಧ್ರದ ಮೇಲೆ ಕೆಲಸ ಮಾಡುವವರನ್ನಷ್ಟೇ ಹುಡುಕು, ಅವರ ಇತ್ತೀಚಿನ ಪ್ರಬಂಧ ಓದು, ಮುಂದಿನ ವರ್ಷ ವಿದ್ಯಾರ್ಥಿಗೆ ಹಣವಿದೆಯೇ ಎಂದು ಸಂಕೋಚವಿಲ್ಲದೆ ಕೇಳು. ಅರ್ಜಿಯ ಗಡುವು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ ಬೀಳುವುದರಿಂದ ಪತ್ರಗಳು ಸೆಪ್ಟೆಂಬರಿನಲ್ಲೇ ಹೋಗಬೇಕು.

ತಂದೆಯನ್ನೂ ಕರೆಸಿದೆ. “ಓದುವವರಿಗೇ ಸಂಬಳವೇ?” ಎಂದು ನಂಬದೆ ಕೇಳಿದರು. ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳು ನೆರವಿನ ಪ್ರಸ್ತಾವಕ್ಕೆ ಒಪ್ಪಿಗೆ ಕೊಡಲು ವಿದ್ಯಾರ್ಥಿಗೆ ಏಪ್ರಿಲ್ 15ರವರೆಗೆ ಸಮಯ ಕೊಡುತ್ತವೆ. ಅಲ್ಲಿಯವರೆಗೆ ಮಗಳಿಗೂ ಬಿಡುವು ಕೊಡಿ ಎಂದೆ. ಈ ನಡುವೆ ಇಲ್ಲಿನ ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೂ ಅವಳು ಓದುತ್ತಾಳೆ. ಕೃಷಿ ಅಧಿಕಾರಿ ಹುದ್ದೆಗೆ ಬಿ.ಎಸ್ಸಿ. ಸಾಕಾದ್ದರಿಂದ ಆ ಬಾಗಿಲು ಮುಚ್ಚುವುದಿಲ್ಲ. ಒಪ್ಪಿದರು.

ಹೊಸ ಪತ್ರಗಳಿಗೆ ಒಬ್ಬರು ಅನುದಾನವಿಲ್ಲ ಎಂದಿದ್ದಾರೆ, ಇನ್ನೊಬ್ಬರು ವಿಡಿಯೊ ಮಾತುಕತೆಗೆ ಕರೆದಿದ್ದಾರೆ. ಹಣ ಎಷ್ಟು ವರ್ಷಕ್ಕಿದೆ, ಹಿಂದಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂಬ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದಾಳೆ.