ಮಗಳಿಗೆ ಬಯೋಮೆಡಿಕಲ್ ಓದಿಸಬಹುದಾ ಅಂತ ಕೇಳಿದವರಿಗೆ

ಸರ್, ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಬಿ, ನಿಮ್ಮ ಜೊತೆ ಕೂತು ರೇಡಿಯೊ ಕಿಟ್ ಸೋಲ್ಡರ್ ಮಾಡುತ್ತಾಳೆ, ಬಯಾಲಜಿಯೂ ಇಷ್ಟ, ಆದರೆ ನೀಟ್ ಬೇಡ ಅಂತಾಳೆ, ಬಯೋಮೆಡಿಕಲ್ ಇಂಜಿನಿಯರಿಂಗ್ ಹೇಗೆ ಅಂತ ಕೇಳಿದ್ದೀರಿ. ನಾನು ಅದನ್ನೇ ಓದಿ 11 ವರ್ಷದಿಂದ ಆಸ್ಪತ್ರೆಯ ಯಂತ್ರಗಳ ಜೊತೆ ಇದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬಯೋಮೆಡಿಕಲ್ ಅಂದರೆ ಆಸ್ಪತ್ರೆಯ ಯಂತ್ರಗಳನ್ನು ಡಿಸೈನ್ ಮಾಡುವ, ನೋಡಿಕೊಳ್ಳುವ ಇಂಜಿನಿಯರಿಂಗ್, ಡಾಕ್ಟರ್ ಆಗುವ ಒಳದಾರಿ ಅಲ್ಲ. ಎಂಬಿಬಿಎಸ್ ಸೀಟು ಸಿಗಲಿಲ್ಲ ಅಂತ ಬಂದವರು ನಮ್ಮ ಬ್ಯಾಚಿನಲ್ಲಿ ಇದ್ದರು. ಮ್ಯಾಥ್ಸ್, ಸಿಗ್ನಲ್ಸ್ ಅಂತ ಶುರುವಾದಾಗ ತುಂಬಾ ಒದ್ದಾಡಿದರು, ಪಾಪ. ಓದುವುದರಲ್ಲಿ ಜಾಸ್ತಿ ಪಾಲು ಎಲೆಕ್ಟ್ರಾನಿಕ್ಸೇ. ನಿಮ್ಮ ಮಗಳು ಸೋಲ್ಡರಿಂಗ್ ಐರನ್ ಹಿಡಿದಿದ್ದಾಳೆ ಅನ್ನುವುದೇ ನನಗೆ ಖುಷಿ ಕೊಟ್ಟ ಮಾತು.

ಸೀಟಿನ ವಿಷಯ. ಸಿಇಟಿ ಇಂಜಿನಿಯರಿಂಗ್ ರ‍್ಯಾಂಕ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಲೆಕ್ಕ. ಅರ್ಧ ಬೋರ್ಡ್ ಪರೀಕ್ಷೆಯದ್ದು, ಅರ್ಧ ಸಿಇಟಿಯದ್ದು. ಬಯಾಲಜಿ ಇದೆ ಅಂತ ಮ್ಯಾಥ್ಸ್ ಕೈಬಿಡಬೇಡಿ. ಬೆಂಗಳೂರಿನ ಬಿಎಂಎಸ್, ರಾಮಯ್ಯ, ದಯಾನಂದ ಸಾಗರ್, ಅಂಬೇಡ್ಕರ್ ಕಾಲೇಜುಗಳಲ್ಲಿ ಇದು ಮೆಡಿಕಲ್ ಎಲೆಕ್ಟ್ರಾನಿಕ್ಸ್ ಅನ್ನುವ ಹೆಸರಿನಲ್ಲಿದೆ, ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ತುಂಬುವುದು) ಮಾಡುವಾಗ ಬಯೋಮೆಡಿಕಲ್ ಅಂತ ಮಾತ್ರ ಹುಡುಕಿದರೆ ತಪ್ಪಿಹೋಗುತ್ತದೆ. ಮಣಿಪಾಲದಲ್ಲಿ ಬಯೋಮೆಡಿಕಲ್ ಅಂತಲೇ ಇದೆ, ಅದಕ್ಕೆ ಅವರದೇ ಪರೀಕ್ಷೆ. ಬಯೋಟೆಕ್ನಾಲಜಿ ಬೇರೆ ಕೋರ್ಸ್, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಕೆಲಸ ಹೇಗಿರುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಒಂದು ರಾತ್ರಿ ಐಸಿಯುನಲ್ಲಿ ಒಂದು ಇನ್‌ಫ್ಯೂಷನ್ ಪಂಪ್ (ಡ್ರಿಪ್ ಅನ್ನು ಅಳತೆ ಪ್ರಕಾರ ರೋಗಿಗೆ ಬಿಡುವ ಯಂತ್ರ), ಲೈನಿನಲ್ಲಿ ಗಾಳಿ ಇದೆ ಅಂತ ಕೂಗುತ್ತಲೇ ಇತ್ತು. ಟ್ಯೂಬಿನಲ್ಲಿ ಒಂದು ಗುಳ್ಳೆಯೂ ಇಲ್ಲ. ಸಿಸ್ಟರ್ ಮೂರು ಸಲ ಟ್ಯೂಬಿನ ಸೆಟ್ ಬದಲಿಸಿದ್ದರು. ಪಂಪ್ ಬದಲಿಸಿ, ಹಳೆಯದನ್ನು ತಂದು ಬಾಗಿಲು ತೆಗೆದು ಟಾರ್ಚ್ ಹಾಕಿದರೆ, ಗಾಳಿ ಪತ್ತೆ ಮಾಡುವ ಸೆನ್ಸರ್ ಮೇಲೆ ಡೆಕ್ಸ್‌ಟ್ರೋಸ್ ಒಣಗಿ ಸಕ್ಕರೆ ಪಾಕದ ಹಾಗೆ ಅಂಟಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಟೆಸ್ಟ್ ಮಾಡಿ ವಾಪಸ್ ಕೊಟ್ಟೆ. ಯಂತ್ರವೂ ಗೊತ್ತಿರಬೇಕು, ಅದನ್ನು ಬಳಸುವವರ ಕಷ್ಟವೂ ಗೊತ್ತಿರಬೇಕು.

ಸಂಬಳದ ಬಗ್ಗೆ ಮುಚ್ಚಿಡುವುದಿಲ್ಲ. ಆಸ್ಪತ್ರೆಗಳಲ್ಲಿ ಶುರುವಿನ ಸಂಬಳ ಕಡಿಮೆ. ಬೆಂಗಳೂರಿನಲ್ಲಿ ಜಿಇ, ಫಿಲಿಪ್ಸ್, ಸೀಮೆನ್ಸ್‌ನಂಥ ಕಂಪನಿಗಳು ಸ್ಕ್ಯಾನಿಂಗ್ ಯಂತ್ರಗಳ ಡಿಸೈನ್, ಸಾಫ್ಟ್‌ವೇರ್ ಕೆಲಸ ಮಾಡುತ್ತವೆ, ಆದರೆ ಅಲ್ಲಿಗೆ ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್), ಸಿಎಸ್ (ಕಂಪ್ಯೂಟರ್ ಸೈನ್ಸ್) ಓದಿದವರೂ ಪೈಪೋಟಿಗೆ ಬರುತ್ತಾರೆ. ಆದ್ದರಿಂದ ಒಳ್ಳೆ ಕಾಲೇಜಿನಲ್ಲಿ ಇಸಿ ಸಿಕ್ಕಿ, ಮೆಡಿಕಲ್ ಎಲೆಕ್ಟ್ರಾನಿಕ್ಸ್ ಸಾಧಾರಣ ಕಾಲೇಜಿನಲ್ಲಿ ಮಾತ್ರ ಸಿಗುವುದಾದರೆ ನಾನಂತೂ ಇಸಿ ತಗೊಳ್ಳಿ ಅನ್ನುತ್ತೇನೆ. ಆಮೇಲೆ ಗೇಟ್ ಬರೆದು ಎಂಟೆಕ್‌ಗೆ ಈ ಕಡೆ ಬರಬಹುದು, 2020ರಿಂದ ಗೇಟ್‌ನಲ್ಲಿ ಬಯೋಮೆಡಿಕಲ್‌ಗೆ ಬೇರೆ ಪೇಪರೇ ಇದೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಬಗ್ಗೆ ಅವಳಿಗೆ ಹೇಳಿ. ನಮ್ಮ ದೇಶದ್ದೇ ಹೃದಯದ ಕವಾಟ ತಯಾರಿಸಿ 1990ರಲ್ಲಿ ರೋಗಿಗೆ ಹಾಕಿದ ಜಾಗ ಅದು.

ಸಿಇಟಿ ಮುಗಿದ ಮೇಲೆ, ಕೌನ್ಸೆಲಿಂಗ್‌ಗೆ ಮುಂಚೆ, ಮನೆಯಲ್ಲೇ ಅವಳ ಕೈಯಲ್ಲಿ ಒಂದು ಇಸಿಜಿ ಸರ್ಕ್ಯೂಟ್ ಕಟ್ಟಿಸಿ. ಎಡಿ8232 ಮಾಡ್ಯೂಲ್ (ಹೃದಯದ ಸಿಗ್ನಲ್ ದೊಡ್ಡದು ಮಾಡುವ ಪುಟ್ಟ ಬೋರ್ಡ್), ಅದನ್ನು ಲ್ಯಾಪ್‌ಟಾಪ್‌ಗೆ ಕಳಿಸಲು ಆರ್ಡುಯಿನೊ ಅನ್ನುವ ಪ್ರೋಗ್ರಾಂ ಮಾಡಬಹುದಾದ ಬೋರ್ಡ್ ಒಂದು, ಮೈಗೆ ಅಂಟಿಸುವ ಮೂರು ಜೆಲ್ ಪ್ಯಾಡ್ ಸಾಕು. ಹೃದಯದ ಸಿಗ್ನಲ್ ಚರ್ಮದ ಮೇಲೆ ಸಿಗುವುದು 1 ಮಿಲಿವೋಲ್ಟ್ ಆಸುಪಾಸು ಮಾತ್ರ, ಮನೆಯ ವೈರಿಂಗ್‌ನ 50 ಹರ್ಟ್ಜ್ ಗದ್ದಲ ಅದನ್ನು ನುಂಗಿಬಿಡುತ್ತದೆ. ಆ ಗದ್ದಲದಿಂದ ಅಲೆಯನ್ನು ಬಿಡಿಸಿಕೊಳ್ಳಲು ಅವಳು ಎರಡು ದಿನ ಊಟ ಮರೆತು ಕೂತರೆ, ಈ ಕೋರ್ಸ್ ಅವಳಿಗೇ. ಒಂದು ಎಚ್ಚರಿಕೆ: ಪ್ಯಾಡ್ ಮೈಮೇಲಿದ್ದಾಗ ಲ್ಯಾಪ್‌ಟಾಪ್ ಚಾರ್ಜರ್ ಕಡ್ಡಾಯವಾಗಿ ತೆಗೆದಿರಬೇಕು, ಬ್ಯಾಟರಿಯಲ್ಲೇ ಓಡಿಸಿ. ಚಾರ್ಜರ್‌ನಲ್ಲಿ ಏನಾದರೂ ದೋಷವಿದ್ದರೆ ಕರೆಂಟ್ ನೇರ ಎದೆಗೆ.

ನಮ್ಮಂಥ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳಿಗೆ ಇಷ್ಟವಾಗುವ ಕಥೆಯೊಂದಿದೆ. ಮೊದಲು ಪೇಸ್‌ಮೇಕರನ್ನು, ಅಂದರೆ ಹೃದಯದ ಬಡಿತ ತಪ್ಪದಂತೆ ಕರೆಂಟಿನ ಮಿಡಿತ ಕೊಡುವ ಯಂತ್ರವನ್ನು, ಗೋಡೆಯ ಪ್ಲಗ್‌ಗೆ ಸಿಕ್ಕಿಸಬೇಕಿತ್ತು, ಕರೆಂಟ್ ಹೋದರೆ ಅದೂ ನಿಲ್ಲುತ್ತಿತ್ತು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1957ರಲ್ಲಿ ಅರ್ಲ್ ಬಕ್ಕನ್ ಅನ್ನುವ ಇಂಜಿನಿಯರ್, ಪತ್ರಿಕೆಯೊಂದರಲ್ಲಿ ಬಂದಿದ್ದ ಮೆಟ್ರೊನೋಮ್ (ಸಂಗೀತಕ್ಕೆ ಟಕ್ ಟಕ್ ಅಂತ ತಾಳ ಕೊಡುವ ಸಾಧನ) ಸರ್ಕ್ಯೂಟ್ ನೋಡಿಕೊಂಡು, ಗ್ಯಾರೇಜಿನಲ್ಲಿ ಬ್ಯಾಟರಿಯ ಪೇಸ್‌ಮೇಕರ್ ಕಟ್ಟಿದರು. ಅದನ್ನು ಅವಳಿಗೆ ಹೇಳಿ.

ಮಾಡ್ಯೂಲ್ ಬಂದ ಮೇಲೆ ಅಲೆ ಸರಿ ಬರದಿದ್ದರೆ ಇಲ್ಲೇ ಫೋಟೋ ಹಾಕಿ. ಅದಕ್ಕೂ ಮುಂಚೆ ಪ್ಯಾಡ್ ಒಣಗಿದೆಯಾ, ಮೂರು ವೈರ್‌ಗಳಲ್ಲಿ ಬಲಗಾಲಿನದು ಅಂತ ಕರೆಯುವ ವೈರ್ ಸಡಿಲವಾಗಿದೆಯಾ ನೋಡಿ, ಜಾಸ್ತಿ ಸಲ ತೊಂದರೆ ಅಲ್ಲೇ ಇರುತ್ತದೆ.